ನೂರು ಕೊಟ್ಟರೆ ಹದಿನೈದು? ಆ ಲೆಕ್ಕ ಬಿಡಿ, ಫಾರ್ಮ್ 16 ತೆಗೆಯಿರಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ. ಕೆಲವರು ವಾಟ್ಸಾಪ್‌ನಲ್ಲಿ ಬಂದ ಚಿತ್ರವನ್ನೇ ಕಳಿಸಿ, ಕೆಳಗೆ 'ಉತ್ತರ ಕೊಡಿ' ಎಂದಷ್ಟೇ ಬರೆದಿದ್ದಾರೆ. ಹಿಂದೆ ಎರಡು ಮೂರು ಸಲ ಉತ್ತರ ಕೊಟ್ಟಿದ್ದೇನೆ. ಯಾರೂ ಓದಿದ ಹಾಗಿಲ್ಲ. ಈ ಸಲ ಬಿಡಿಸಿ ಬರೆಯುತ್ತೇನೆ, ಉಳಿದವರು ಸ್ವಲ್ಪ ಸಹಿಸಿಕೊಳ್ಳಬೇಕು. ಹಣಕಾಸು ಆಯೋಗ ಅಂದರೆ ಏನು ಎಂಬಲ್ಲಿಂದ ಶುರು ಮಾಡುವುದಿಲ್ಲ. ಅದು ಐದು ವರ್ಷಕ್ಕೊಮ್ಮೆ ಬರುತ್ತದೆ, ಕೇಂದ್ರದ ತೆರಿಗೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಪಾಲು ಅಂತ ಹೇಳಿ ಹೋಗುತ್ತದೆ. ಅಷ್ಟು ಸಾಕು.

ಪ್ರಶ್ನೆ: ಕರ್ನಾಟಕ ಕೇಂದ್ರಕ್ಕೆ 100 ರೂಪಾಯಿ ತೆರಿಗೆ ಕೊಟ್ಟರೆ ವಾಪಸ್ ಬರುವುದು 15 ರೂಪಾಯಿ ಅಂತಾರೆ. ಉಳಿದದ್ದು ಬಿಹಾರ, ಉತ್ತರ ಪ್ರದೇಶದ ಪಾಲಂತೆ. ಇದು ಅನ್ಯಾಯ ಅಲ್ವಾ? (ದಾವಣಗೆರೆ, ಹಾಸನ, ಮುಂಬೈ ಮತ್ತು ಇನ್ನೂ ಹಲವು ಕಡೆಯಿಂದ)

ಅನ್ಯಾಯ ಇದೆ. ನೀವು ಬೆರಳು ತೋರಿಸುತ್ತಿರುವ ಕಡೆ ಇಲ್ಲ, ಅಷ್ಟೇ.

ಮೊದಲು ಆ ನೂರು ರೂಪಾಯಿ ನೋಡೋಣ. ಕರ್ನಾಟಕದಲ್ಲಿ ವಸೂಲಾದ ಆದಾಯ ತೆರಿಗೆ, ಕಂಪನಿ ತೆರಿಗೆ, ಜಿಎಸ್‌ಟಿ, ಸುಂಕ ಎಲ್ಲ ಕೂಡಿಸಿ ಆ ನೂರು ಬಂದಿದೆ. ಆದರೆ ಕರ್ನಾಟಕದಲ್ಲಿ ವಸೂಲಾಗುವುದು ಬೇರೆ, ಕರ್ನಾಟಕದವರ ಜೇಬಿನಿಂದ ಹೋಗುವುದು ಬೇರೆ. ಮುಖ್ಯ ಕಚೇರಿ ಬೆಂಗಳೂರಿನಲ್ಲಿದ್ದರೆ, ಪುಣೆ, ಹೈದರಾಬಾದ್ ಶಾಖೆಗಳಲ್ಲಿ ದುಡಿದ ಲಾಭದ ಮೇಲಿನ ತೆರಿಗೆಯೂ ಬೆಂಗಳೂರಿನ ಲೆಕ್ಕಕ್ಕೇ ಬೀಳುತ್ತದೆ. ಅದೇ ರೀತಿ ನೀವು ಶಿರಸಿಯ ಸ್ಟೇಟ್ ಬ್ಯಾಂಕ್ ಶಾಖೆಯಲ್ಲಿ ಕಟ್ಟಿದ ಬಡ್ಡಿಯಿಂದ ಬಂದ ಲಾಭದ ತೆರಿಗೆ ಮುಂಬೈ ಲೆಕ್ಕಕ್ಕೆ. ಬಿಡದಿಯಲ್ಲಿ ತಯಾರಾದ ಕಾರು ಪಟ್ನಾದಲ್ಲಿ ಮಾರಾಟವಾದರೆ, ಜಿಎಸ್‌ಟಿಯಲ್ಲಿ ರಾಜ್ಯದ ಅರ್ಧ ಬಿಹಾರದ್ದು. ಆ ತೆರಿಗೆ ಕಟ್ಟಿದವನೂ ಪಟ್ನಾದ ಗಿರಾಕಿಯೇ. ಕಂಪನಿ ಚಲನ್ ತುಂಬಿದ್ದು ಮಾತ್ರ ಇಲ್ಲಿ.

ಇನ್ನೊಂದು. ನಿಮ್ಮ ಹತ್ತಿರ ಇರುವ ಯಾವುದಾದರೂ ಅಂಗಡಿ ಬಿಲ್ ತೆಗೆಯಿರಿ. ಕಳೆದ ತಿಂಗಳು ನಮ್ಮ ಮನೆಗೆ ತಂದ ಮಿಕ್ಸಿ ಬಿಲ್ ನನ್ನ ಮುಂದಿದೆ. ಬೆಲೆ 5,000, ತೆರಿಗೆ ಶೇ 18, ಅಂದರೆ 900. ಅದರ ಕೆಳಗೆ ಎರಡು ಸಾಲು: ಸಿಜಿಎಸ್‌ಟಿ (ಕೇಂದ್ರದ್ದು) 450, ಎಸ್‌ಜಿಎಸ್‌ಟಿ (ರಾಜ್ಯದ್ದು) 450. ಎರಡನೇ 450 ಯಾವ ಆಯೋಗದ ಹಂಗೂ ಇಲ್ಲದೆ ನೇರವಾಗಿ ಕರ್ನಾಟಕದ ಬೊಕ್ಕಸಕ್ಕೆ. ಮೊದಲನೇ 450ರಲ್ಲಿ ಶೇ 41, ಅಂದರೆ 184 ರೂಪಾಯಿ 50 ಪೈಸೆ, ಆಯೋಗ ಹೇಳಿದ ಹಾಗೆ ಎಲ್ಲ ರಾಜ್ಯಗಳು ಹಂಚಿಕೊಳ್ಳುವ ಗಂಟಿಗೆ. ಉಳಿದದ್ದು ಕೇಂದ್ರಕ್ಕೆ. '15 ರೂಪಾಯಿ' ಲೆಕ್ಕದಲ್ಲಿ ಆ ನೇರ 450 ಎಲ್ಲೂ ಇಲ್ಲ. ಸೇನೆಗೆ, ರೈಲಿಗೆ, ಹೆದ್ದಾರಿಗೆ ಕೇಂದ್ರ ಮಾಡುವ ಖರ್ಚಿನಲ್ಲಿ ನಮ್ಮ ನೆಲದಲ್ಲಿ ಆಗುವ ಭಾಗವೂ ಇಲ್ಲ. ಹಾಗಾಗಿ ಆ 15ನ್ನು ಹಿಡಿದು ದೆಹಲಿಯಲ್ಲಿ ವಾದಕ್ಕೆ ಕೂತರೆ ಐದೇ ನಿಮಿಷಕ್ಕೆ ಸೋಲುತ್ತೀರಿ. ನಮ್ಮ ನಿಜವಾದ ದೂರು ಕೂಡ ಅದರ ಜೊತೆ ಹೋಗುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕೇ.

ನಿಜವಾದ ದೂರು ಏನು ಅಂತ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. 2011ರ ಜನಗಣತಿ ಪ್ರಕಾರ ದೇಶದ ನೂರು ಜನರಲ್ಲಿ ಐವರು ಕರ್ನಾಟಕದವರು. 14ನೇ ಆಯೋಗ ರಾಜ್ಯಗಳ ಗಂಟಿನಲ್ಲಿ ನಮಗೆ ಕೊಟ್ಟಿದ್ದು ಶೇ 4.713. 15ನೇ ಆಯೋಗ ಅದನ್ನು 3.647ಕ್ಕೆ ಇಳಿಸಿತು. ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಒಂದೇ ಏಟಿಗೆ ಹೋಯಿತು. ಇಷ್ಟು ಜೋರಾಗಿ ಪೆಟ್ಟು ತಿಂದ ರಾಜ್ಯಗಳು ಬೆರಳೆಣಿಕೆಯಷ್ಟೇ. ಅದು ಆಯೋಗಕ್ಕೂ ಗೊತ್ತಿತ್ತು. 2020-21ಕ್ಕೆ ಕರ್ನಾಟಕಕ್ಕೆ 5,495 ಕೋಟಿ ವಿಶೇಷ ಅನುದಾನ ಕೊಡಿ ಎಂದು ಅದೇ ಶಿಫಾರಸು ಮಾಡಿತು. ಕೇಂದ್ರ ಒಪ್ಪಲಿಲ್ಲ.

ಯಾಕೆ ಇಳಿಯಿತು? 'ಜನಸಂಖ್ಯೆ ಕಡಿಮೆ ಮಾಡಿದ್ದಕ್ಕೆ ಶಿಕ್ಷೆ' ಎಂದು ವಿಡಿಯೊ ಮಾಡುವವರೆಲ್ಲ ಹೇಳುತ್ತಾರೆ. ಕಾಲು ಭಾಗ ನಿಜ. 15ನೇ ಆಯೋಗದ ನೂರು ಅಂಕದ ಸೂತ್ರದಲ್ಲಿ ಜನಸಂಖ್ಯೆಗೆ 15 ಅಂಕ, ಜನನ ದರ ಇಳಿಸಿದ ರಾಜ್ಯಗಳಿಗೆ 12.5 ಅಂಕ. ಬೇಕಾದಷ್ಟು ಸಾಕಾಗಿಲ್ಲ, ಆದರೂ ಮರೆತಿರಲಿಲ್ಲ. ನಮ್ಮನ್ನು ಕೆಡವಿದ್ದು 45 ಅಂಕದ ಇನ್ನೊಂದು ಅಳತೆ, ಆದಾಯದ ಅಂತರ. ತಲಾ ಆದಾಯದಲ್ಲಿ ಮುಂದಿರುವ ರಾಜ್ಯಕ್ಕಿಂತ ನೀನು ಎಷ್ಟು ಹಿಂದಿದ್ದೀಯ ಎಂದು ಕೇಳುವ ಅಳತೆ ಅದು. ಜಾಸ್ತಿ ಹಿಂದಿದ್ದರೆ ಜಾಸ್ತಿ ಹಣ. ಆ ಹೊತ್ತಿಗೆ ಕರ್ನಾಟಕದ ತಲಾ ಆದಾಯ ಜಿಗಿದಿತ್ತು. ಜಿಗಿದದ್ದು ಎಲ್ಲಿ? ವೈಟ್‌ಫೀಲ್ಡ್‌ನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಯಾದಗಿರಿಯಲ್ಲಿ ಏನೂ ಜಿಗಿದಿರಲಿಲ್ಲ. ಸರಾಸರಿ ತೆಗೆದಾಗ ಯಾದಗಿರಿಯ ಕೂಲಿಯವನೂ ಕಾಗದದ ಮೇಲೆ ಸಾಹುಕಾರನಾದ.

16ನೇ ಆಯೋಗ ಸ್ವಲ್ಪ ಸರಿಮಾಡಿದೆ. ದೇಶದ ಜಿಡಿಪಿಗೆ ರಾಜ್ಯ ಕೊಡುವ ಪಾಲಿಗೂ 10 ಅಂಕ ಇಟ್ಟಿತು, ನಮ್ಮದು 4.131ಕ್ಕೆ ಏರಿತು. ಹಳೆಯ 4.713 ಬಂದಿಲ್ಲ. ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಶೇ 50 ಕೇಳಿದ್ದವು, ಒಟ್ಟು ಗಂಟು ಶೇ 41ರಲ್ಲೇ ನಿಂತಿತು.

ಇನ್ನು ಬಿಹಾರ. ಅದರ ಜನಸಂಖ್ಯೆ ದೇಶದ ಶೇ 8.6, 15ನೇ ಆಯೋಗ ಕೊಟ್ಟ ಪಾಲು ಶೇ 10ರ ಆಸುಪಾಸು. ನಮಗಿಂತ ಜಾಸ್ತಿ ಹೌದು, ಲೂಟಿ ಅಲ್ಲ. 1952ರಿಂದ 1993ರ ತನಕ ಸರಕು ಸಾಗಣೆ ದರ ಸಮಾನ ಮಾಡುವ ನೀತಿ ಇತ್ತು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಜಾರ್ಖಂಡ್ ಆಗ ಬಿಹಾರದಲ್ಲೇ ಇತ್ತು. ಅಲ್ಲಿನ ಕಲ್ಲಿದ್ದಲು, ಉಕ್ಕು ದೇಶದ ಯಾವ ಮೂಲೆಗೆ ಹೋದರೂ ಹೆಚ್ಚುಕಡಿಮೆ ಒಂದೇ ದರ. ಗಣಿ ಪಕ್ಕದಲ್ಲೇ ಕಾರ್ಖಾನೆ ಹಾಕುವ ಲಾಭ ಬಿಹಾರಕ್ಕೆ ಇಲ್ಲವಾಯಿತು. ಕಾರ್ಖಾನೆಗಳು ಪಶ್ಚಿಮಕ್ಕೆ, ದಕ್ಷಿಣಕ್ಕೆ ಬಂದವು. ನಾಲ್ಕು ದಶಕ ಅದರ ಲಾಭ ಉಂಡವರಲ್ಲಿ ನಾವೂ ಇದ್ದೇವೆ. ನಮ್ಮ ಬೀದಿಯ ತಿರುವಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿರುವ ಹುಡುಗರು ಬಿಹಾರದವರು. ಅವರನ್ನು ಸಾಕಿ ಬೆಳೆಸಿದ ಖರ್ಚು ಬಿಹಾರದ್ದು. ಸಂಜೆ ಪಕ್ಕದ ಅಂಗಡಿಯಲ್ಲಿ ಅವರು ಕೊಳ್ಳುವ ಬಿಸ್ಕತ್ತಿನ ಎಸ್‌ಜಿಎಸ್‌ಟಿ ಕರ್ನಾಟಕದ್ದು.

ಹಾಗಾದರೆ ಜಗಳ ಯಾರ ಜೊತೆ? ನಿಮ್ಮ ಫಾರ್ಮ್ 16, ಅಂದರೆ ಸಂಬಳದಲ್ಲಿ ಮುರಿದ ತೆರಿಗೆಗೆ ಕಂಪನಿ ಕೊಡುವ ಪ್ರಮಾಣಪತ್ರ, ತೆಗೆಯಿರಿ. ತೆರಿಗೆ ಲೆಕ್ಕ ಮುಗಿಯುವ ಹತ್ತಿರ ಒಂದು ಸಾಲು ಇದೆ, ಯಾರೂ ನೋಡುವುದಿಲ್ಲ. ಆರೋಗ್ಯ ಮತ್ತು ಶಿಕ್ಷಣ ಸೆಸ್, ಶೇ 4. ಸೆಸ್ ಅಂದರೆ ಒಂದು ಉದ್ದೇಶದ ಹೆಸರಲ್ಲಿ ತೆರಿಗೆಯ ಮೇಲೆ ಹಾಕುವ ತೆರಿಗೆ. ವರ್ಷದ ಆದಾಯ 50 ಲಕ್ಷ ದಾಟಿದವರಿಗೆ ಸರ್‌ಚಾರ್ಜ್ ಎಂಬ ಹೆಚ್ಚುವರಿ ತೆರಿಗೆ ಬೇರೆ. ಶೇ 41ರ ಗಂಟಿಗೆ ಈ ಎರಡೂ ಸೇರುವುದೇ ಇಲ್ಲ. ಸಂವಿಧಾನದಲ್ಲೇ ಹಾಗೆ ಬರೆದಿದೆ. ನೂರಕ್ಕೆ ನೂರು ಕೇಂದ್ರದ್ದು. ಊರ ಶಾಲೆ, ತಾಲ್ಲೂಕು ಆಸ್ಪತ್ರೆ ನಡೆಸುವುದು ರಾಜ್ಯ. ಅವುಗಳ ಹೆಸರಲ್ಲಿ ಎತ್ತುವ ಸೆಸ್‌ನಲ್ಲಿ ರಾಜ್ಯಕ್ಕೆ ಹಕ್ಕಿನ ಪಾಲು ಸೊನ್ನೆ.

ಪೆಟ್ರೋಲ್‌ನದ್ದು ಇನ್ನೂ ಚೆನ್ನಾಗಿದೆ. 2022ರ ಮೇ ತಿಂಗಳಲ್ಲಿ ಸುಂಕ ಕಡಿತವಾದ ಮೇಲೆ ಲೀಟರಿಗೆ ಕೇಂದ್ರದ ತೆರಿಗೆ 19.90 ರೂಪಾಯಿ ಇತ್ತು. ಅದರಲ್ಲಿ ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದ ಮೂಲ ಸುಂಕ ಎಷ್ಟು? 1 ರೂಪಾಯಿ 40 ಪೈಸೆ. ಉಳಿದದ್ದೆಲ್ಲ ರಸ್ತೆ ಸೆಸ್, ಕೃಷಿ ಸೆಸ್, ವಿಶೇಷ ಹೆಚ್ಚುವರಿ ಸುಂಕ. ಆ 1.40ರಲ್ಲಿ ಶೇ 41 ಅಂದರೆ 57 ಪೈಸೆ, ಎಲ್ಲ ರಾಜ್ಯಗಳಿಗೂ ಸೇರಿ. ಅದರಲ್ಲಿ ಕರ್ನಾಟಕದ 3.647ರ ಪಾಲು ಎರಡು ಪೈಸೆ. ಬಿಹಾರಕ್ಕೆ ಸಿಕ್ಕಿದ್ದು ಸುಮಾರು ಆರು ಪೈಸೆ. ಆ ನಾಲ್ಕು ಪೈಸೆ ವ್ಯತ್ಯಾಸಕ್ಕೆ ನಾವು ಬಿಹಾರಿಯ ಅಂಗಿ ಹಿಡಿದು ಜಗ್ಗುತ್ತಿದ್ದೇವೆ. ಅತ್ತ ಹದಿನೆಂಟೂವರೆ ರೂಪಾಯಿ ಸದ್ದಿಲ್ಲದೆ ಹಿಂಬಾಗಿಲಿನಿಂದ ಹೋಯಿತು.

ಕೇಂದ್ರದ ಒಟ್ಟು ತೆರಿಗೆಯಲ್ಲಿ ಈ ಸೆಸ್, ಸರ್‌ಚಾರ್ಜ್ ಪಾಲು 2011-12ರಲ್ಲಿ ಶೇ 10ರ ಹತ್ತಿರ ಇತ್ತು. 2020-21ಕ್ಕೆ ಶೇ 20ರ ಹತ್ತಿರ ಬಂತು. 14ನೇ ಆಯೋಗ 32 ಇದ್ದ ಪಾಲನ್ನು 42ಕ್ಕೆ ಏರಿಸಿದಾಗ ರಾಜ್ಯಗಳು ಸಿಹಿ ಹಂಚಿದ್ದವು. ಎಡಗೈಯಲ್ಲಿ ಕೊಟ್ಟಿದ್ದನ್ನು ಬಲಗೈ ಸೆಸ್ ಹೆಸರಲ್ಲಿ ವಾಪಸ್ ತೆಗೆದುಕೊಂಡಿತು. ಇದರಲ್ಲಿ ಬಿಹಾರಕ್ಕೂ ನಷ್ಟ, ನಮಗಿಂತ ಜಾಸ್ತಿಯೇ ನಷ್ಟ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರದವರು ದೆಹಲಿಯ ಜಂತರ್ ಮಂತರ್‌ನಲ್ಲಿ 'ನನ್ನ ತೆರಿಗೆ ನನ್ನ ಹಕ್ಕು' ಎಂದು ಧರಣಿ ಕೂತಾಗ ಸೆಸ್ ಒಂದನ್ನೇ ಹಿಡಿದಿದ್ದರೆ ಪಟ್ನಾದವರೂ ಪಕ್ಕಕ್ಕೆ ಬಂದು ಕೂರಬೇಕಾಗುತ್ತಿತ್ತು. ಇದು ನನ್ನ ಅಭಿಪ್ರಾಯ. ರಾಜಕೀಯದವರಿಗೆ ಬೇರೆ ಲೆಕ್ಕ ಇರುತ್ತದೆ.

ಪ್ರಶ್ನೆ: ಕರ್ನಾಟಕ ಕೇಂದ್ರಕ್ಕೆ ತೆರಿಗೆ ಕಳಿಸುವುದನ್ನೇ ನಿಲ್ಲಿಸಿದರೆ? (ಮಂಡ್ಯ)

ಕರ್ನಾಟಕ ಎಲ್ಲಿ ಕಳಿಸುತ್ತಿದೆ ಸ್ವಾಮಿ? ಸಂಬಳದಲ್ಲೇ ಮುರಿದುಕೊಳ್ಳುವ ನಿಮ್ಮ ಆದಾಯ ತೆರಿಗೆ (ಟಿಡಿಎಸ್) ನಿಮ್ಮ ಕಂಪನಿಯಿಂದ ನೇರ ಕೇಂದ್ರದ ಖಾತೆಗೆ ಹೋಗುತ್ತದೆ. ವಿಧಾನಸೌಧದ ಬಾಗಿಲಿಗೂ ಬರುವುದಿಲ್ಲ.

ಪ್ರಶ್ನೆ: ಜಿಎಸ್‌ಟಿ ಬಂದ ಮೇಲೆ ರಾಜ್ಯಕ್ಕೆ ತೆರಿಗೆ ಹಾಕುವ ಅಧಿಕಾರವೇ ಇಲ್ಲವಂತೆ, ಹೌದಾ? (ಉಡುಪಿ)

ಮದ್ಯ, ಪೆಟ್ರೋಲ್, ಡೀಸೆಲ್, ಸೈಟ್ ನೋಂದಣಿ, ವಾಹನ ತೆರಿಗೆ. ಇವುಗಳಲ್ಲಿ ಒಂದನ್ನಾದರೂ ಈ ವರ್ಷ ನೀವು ಕಟ್ಟಿರುತ್ತೀರಿ.

ಪ್ರಶ್ನೆ: ರಾಜ್ಯದ ಆದಾಯದಲ್ಲಿ ದೊಡ್ಡ ಪಾಲು ಬೆಂಗಳೂರಿನದು. ಬೆಂಗಳೂರಿನ ದುಡ್ಡು ಬೆಂಗಳೂರಿಗೇ ಇರಲಿ ಅಂದರೆ ತಪ್ಪೇನು? (ಬೆಂಗಳೂರು)

ನಿಮ್ಮ ಪತ್ರದ ಮೊದಲ ಅರ್ಧದಲ್ಲಿ ಬಿಹಾರವನ್ನು ಬೈದಿದ್ದೀರಿ, ಎರಡನೇ ಅರ್ಧದಲ್ಲಿ ಕಲಬುರಗಿಯನ್ನು. ಮಾತು ಒಂದೇ, ಗಡಿ ಮಾತ್ರ ಚಿಕ್ಕದಾಯಿತು. ಮುಂದಿನ ಪತ್ರದಲ್ಲಿ ಕೋರಮಂಗಲದ ದುಡ್ಡು ಕೋರಮಂಗಲಕ್ಕೇ ಎನ್ನುತ್ತೀರಾ? ಪ್ರಾದೇಶಿಕ ಅಸಮತೋಲನದ ಬಗ್ಗೆ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಎಂದು ಗುರುತಿಸಿತ್ತು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬರಲು ಆಮೇಲೆ ಹತ್ತು ವರ್ಷ ಬೇಕಾಯಿತು. ನಿಮ್ಮ ರಸ್ತೆಯ ಗುಂಡಿಗೆ ಕಾರಣ ಹುಡುಕುತ್ತಿದ್ದರೆ ಯಾದಗಿರಿಯನ್ನು ಬಿಟ್ಟು, ಗುತ್ತಿಗೆದಾರರ ಬಿಲ್ಲುಗಳಿಂದ ಶುರು ಮಾಡಿ.

ಪ್ರಶ್ನೆ: ನಾನು ಪರ್ತ್‌ನಲ್ಲಿದ್ದೇನೆ. ಆಸ್ಟ್ರೇಲಿಯಾದಲ್ಲಿ ಇಂಥ ತಕರಾರೇ ಇಲ್ಲ ಅನ್ನಿಸುತ್ತದೆ. ನಾವು ಯಾಕೆ ಕಲಿಯಬಾರದು? (ಪರ್ತ್)

ನೀವಿರುವ ರಾಜ್ಯದ್ದೇ ಅಲ್ಲಿ ದೊಡ್ಡ ತಕರಾರು! ಕಬ್ಬಿಣದ ಅದಿರಿನಿಂದ ಶ್ರೀಮಂತವಾದ ಪಶ್ಚಿಮ ಆಸ್ಟ್ರೇಲಿಯಾಕ್ಕೆ 2015-16ರಲ್ಲಿ, ತಲೆಲೆಕ್ಕದಲ್ಲಿ ಹಂಚಿದ್ದರೆ ಸಿಗುತ್ತಿದ್ದ ಪ್ರತಿ ಡಾಲರ್ ಜಿಎಸ್‌ಟಿಗೆ ಸುಮಾರು 30 ಸೆಂಟ್ ಮಾತ್ರ ಸಿಕ್ಕಿತ್ತು. ಗಲಾಟೆ ಮಾಡಿ 2018ರಲ್ಲಿ ಕಾನೂನನ್ನೇ ಬದಲಿಸಿಕೊಂಡರು. ಇದಕ್ಕಿಂತ ಕೆಳಗೆ ಇಳಿಯಬಾರದು ಅಂತ ಒಂದು ಮಿತಿ ಹಾಕಿಸಿದರು, ಮೊದಲು 70 ಸೆಂಟ್, ಆಮೇಲೆ 75. ಉಳಿದ ರಾಜ್ಯಗಳು ಅದಕ್ಕೆ ಈಗಲೂ ಗೊಣಗುತ್ತಿವೆ. ಕಲಿಯುವುದಿದ್ದರೆ ಆ ಮಿತಿಯ ಉಪಾಯ ಕಲಿಯಬಹುದು. ನಮಗೆ 4.713ರಿಂದ 3.647ಕ್ಕೆ ಬಿದ್ದಾಗ ಕೆಳಗೆ ಬಲೆ ಇರಲಿಲ್ಲ.

ಪ್ರಶ್ನೆ: ನನ್ನ ಪ್ಯಾನ್ ವಿಳಾಸ ಪುಣೆಯದು, ಕೆಲಸ ಈಗ ಬೆಂಗಳೂರಿನಲ್ಲಿ. ವಿಳಾಸ ಬದಲಿಸಿದರೆ ನನ್ನ ಆದಾಯ ತೆರಿಗೆ ಕರ್ನಾಟಕಕ್ಕೆ ಬರುತ್ತದೆ ಅಂತ ಒಬ್ಬರು ವಿಡಿಯೊದಲ್ಲಿ ಹೇಳಿದರು. ನಿಜವಾ? (ಬೆಂಗಳೂರು)

ಸುಳ್ಳು. ಪಾಲು ನಿಗದಿಯಾಗುವುದು ಸೂತ್ರದ ಮೇಲೆ, ನಿಮ್ಮ ವಿಳಾಸದ ಮೇಲಲ್ಲ. ಇಂಥ ವಿಡಿಯೊ ಮಾಡಿ, ಕೊನೆಗೆ 'ನಮ್ಮ ಕೋರ್ಸ್‌ಗೆ ಸೇರಿ' ಎನ್ನುವವರಿಗೆ ದುಡ್ಡು ಕೊಡಬೇಡಿ. ವಿಳಾಸ ಬದಲಿಸಿ, ನೋಟಿಸ್ ಬಂದರೆ ಕೈಗೆ ಸಿಗಲಿ ಅನ್ನುವುದಕ್ಕೆ. ಕರ್ನಾಟಕಕ್ಕೆ ನೇರವಾಗಿ ಏನಾದರೂ ಹೋಗಲೇಬೇಕು ಅಂತಿದ್ದರೆ ಸಂಬಳದ ಚೀಟಿ ನೋಡಿ. ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಅಂತ ಕಟ್ ಆಗುತ್ತಿದೆ. ಅದು ಪೂರ್ತಿ ನಮ್ಮದೇ.