ಬೆಲ್ಲದ ತೇವ ನೋಡೋಕೆ ಯಾವ ಓವನ್?

ಪ್ರಶ್ನೆ: ನಮಸ್ಕಾರ ಸರ್. ಮಂಡ್ಯ ಹತ್ರ ನಮ್ಮದು ಬೆಲ್ಲದ ಪುಡಿ, ರಾಗಿ ಹಿಟ್ಟು ಪ್ಯಾಕ್ ಮಾಡೋ ಸಣ್ಣ ಘಟಕ. ತೇವಾಂಶ ನಾವೇ ನೋಡ್ಕೊಳ್ಳೋಣ ಅಂತ ಓವನ್ ವಿಚಾರಿಸಿದ್ರೆ ಒಬ್ರು ಹಾಟ್ ಏರ್ ಓವನ್ ಸಾಕು ಅಂತಾರೆ, ಇನ್ನೊಬ್ರು 1000 ಡಿಗ್ರಿ ಹೋಗೋ ಮಫಲ್ ಫರ್ನೇಸ್ ತಗೊಳ್ಳಿ, ಎಲ್ಲಾದಕ್ಕೂ ಆಗುತ್ತೆ ಅಂತಾರೆ. ಮನೇಲಿ ಕೇಕ್ ಮಾಡೋ ಓಟಿಜಿ ಇದೆ, ಅದ್ರಲ್ಲೇ ಆಗಲ್ವಾ?

ಉತ್ತರ: ಓಟಿಜಿ ಬೇಡಮ್ಮ. ಅದ್ರಲ್ಲಿ ಕಾಯಿಲ್ ಪಕ್ಕ ಒಂದು ಬಿಸಿ, ಬಾಗಿಲ ಹತ್ರ ಇನ್ನೊಂದು ಬಿಸಿ, ಕೇಕ್‌ಗೆ ನಡೆಯುತ್ತೆ, ಟೆಸ್ಟ್‌ಗೆ ನಡೆಯಲ್ಲ. ಮಫಲ್ ಫರ್ನೇಸ್ ಇರೋದು 550 ಡಿಗ್ರಿ ಆಸುಪಾಸಲ್ಲಿ ಸುಟ್ಟು ಬೂದಿ ಎಷ್ಟು ಅಂತ ನೋಡೋಕೆ, ಹಿಟ್ಟು ಒಣಗಿಸಿ ತೂಕ ಎಷ್ಟು ಇಳೀತು ಅಂತ ತೇವ ಲೆಕ್ಕ ಹಾಕೋ 105 ಡಿಗ್ರಿ ಕೆಲಸಕ್ಕೆ ಅದನ್ನ ತಗೋಬೇಡಿ.

ರಾಗಿ ಹಿಟ್ಟಿಗೆ ಹಾಟ್ ಏರ್ ಓವನ್ ಸರಿ. ಫ್ಯಾನ್ ಇದ್ರೆ ಒಳಗೆಲ್ಲಾ ಬಿಸಿ ಸಮವಾಗಿರುತ್ತೆ ಆದ್ರೆ ಗಾಳಿ ಜೋರಿದ್ರೆ ಹಿಟ್ಟು ಹಾರುತ್ತೆ, ಹಾರಿದ ಹಿಟ್ಟೂ ಲೆಕ್ಕದಲ್ಲಿ ತೇವ ಅಂತಾನೇ ಬರುತ್ತೆ, ಅದಕ್ಕೆ ಫ್ಯಾನ್ ಸ್ಪೀಡ್ ಕಮ್ಮಿ ಮಾಡೋಕೆ ಬರೋದೇ ನೋಡಿ ತಗೊಳ್ಳಿ. 5 ಗ್ರಾಂ ಹಿಟ್ಟು ಒಣಗಿ 4.5 ಗ್ರಾಂ ಆದ್ರೆ ತೇವ 10%. ಒಂದೇ ಸಲ ತೂಗಿ ಬಿಡಬೇಡಿ, ಮತ್ತೆ ಒಳಗಿಟ್ಟು ತೂಗಿ, ತೂಕ ಇಳಿಯೋದು ನಿಂತ ಮೇಲೇ ಬರ್ಕೊಳ್ಳಿ.

ಕಷ್ಟ ಇರೋದು ಬೆಲ್ಲದಲ್ಲಿ. ನಾನು ಲ್ಯಾಬಿಗೆ ಸೇರಿದ ಹೊಸದ್ರಲ್ಲಿ ಬೆಲ್ಲಾನೂ 105ಕ್ಕೇ ಇಟ್ಟಿದ್ದೆ. ತೆಗೆದು ನೋಡಿದ್ರೆ ಡಿಶ್ ಅಂಚಲ್ಲಿ ಕಂದು ನೊರೆ, ಕಬ್ಬಿನ ಪಾಕ ಸೀದ ವಾಸನೆ, ತೂಕ ಮಾತ್ರ ಗಂಟೆ ಗಂಟೆಗೂ ಇಳೀತಾನೇ ಇತ್ತು. ಇಳೀತಿದ್ದದ್ದು ನೀರೊಂದೇ ಅಲ್ಲ, ಸಕ್ಕರೆನೇ ಒಡೀತಿತ್ತು. ಬೆಲ್ಲದಲ್ಲಿರೋ ಫ್ರಕ್ಟೋಸ್ ಅಷ್ಟು ಬಿಸಿ ತಡೆಯಲ್ಲ. ಇದಕ್ಕೆ ವ್ಯಾಕ್ಯೂಮ್ ಓವನ್ನೇ ಬೇಕು, ಸುಮಾರು 70 ಡಿಗ್ರಿಲಿ. ಗಾಳಿ ಎಳೆದು ಒತ್ತಡ 50 ಮಿಲಿಮೀಟರ್ ಪಾದರಸಕ್ಕೆ ಇಳಿಸಿದ್ರೆ ನೀರು 38 ಡಿಗ್ರಿಗೇ ಕುದಿಯುತ್ತೆ, ಹಾಗಾಗಿ ಸಕ್ಕರೆ ಸೀಯದೇನೇ ನೀರು ಹೋಗುತ್ತೆ. ಮುಗಿದ ಮೇಲೆ ಗಾಳಿ ವಾಲ್ವ್ ನಿಧಾನಕ್ಕೆ ಬಿಡಿ, ಒಮ್ಮೆಲೇ ತಿರುಗಿಸಿದ್ರೆ ಪುಡಿಯೆಲ್ಲಾ ಎರಚಾಡುತ್ತೆ.

ಓವನ್ ಜೊತೆ ಡೆಸಿಕೇಟರ್, ಅಂದ್ರೆ ಬಿಸಿ ಡಿಶ್ ತೇವ ತಾಗದ ಹಾಗೆ ಆರೋಕೆ ಇಡೋ ಮುಚ್ಚಳದ ಪಾತ್ರೆ, ತಗೊಳ್ಳೋದು ಮರೀಬೇಡಿ. ಬಿಸಿ ಡಿಶ್ ನೇರ ತಕ್ಕಡಿ ಮೇಲಿಟ್ರೆ ಬಿಸಿಗಾಳಿ ಮೇಲೇಳೋದ್ರಿಂದ ತೂಕ ಕಮ್ಮಿ ತೋರಿಸುತ್ತೆ, ಹೊರಗೆ ಆರೋಕೆ ಬಿಟ್ರೆ ಬೆಲ್ಲ ಮತ್ತೆ ತೇವ ಎಳ್ಕೊಳ್ಳುತ್ತೆ. ಡೆಸಿಕೇಟರ್ ಒಳಗಿರೋ, ತೇವ ಹೀರೋ ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಒಣಗಿಸಿ ಮತ್ತೆ ಹಾಕಿ.

ಡಿಸ್‌ಪ್ಲೇಲಿ 105 ಅಂತ ಬಂದ ಮಾತ್ರಕ್ಕೆ ನಂಬಬೇಡಿ, ಬೇರೆ ಥರ್ಮಾಮೀಟರ್ ಇಟ್ಟು ಮೇಲಿನ ತಟ್ಟೆ, ಕೆಳಗಿನ ತಟ್ಟೆ ಎರಡೂ ಕಡೆ ನೋಡಿ. ವ್ಯಾಕ್ಯೂಮ್ ಓವನ್‌ಗೆ ಪಂಪ್ ಬೇರೆ ಬೇಕು, ಖರ್ಚು ಜಾಸ್ತಿ. ಸದ್ಯಕ್ಕೆ ಹಿಟ್ಟಿಗೆ ಹಾಟ್ ಏರ್ ಓವನ್ ತಗೊಂಡು ಬೆಲ್ಲದ ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಕಳಿಸಿ, ಬ್ಯಾಚ್ ಜಾಸ್ತಿಯಾದಾಗ ವ್ಯಾಕ್ಯೂಮ್ ಓವನ್ ತಗೊಂಡ್ರಾಯ್ತು.