ಉದ್ಯೋಗ ಸಲಹೆ: ರಿಲೇ ಪ್ಯಾನೆಲ್‌ನಿಂದ ಪಿಎಲ್‌ಸಿಗೆ

ಪ್ರಶ್ನೆ: ನನಗೀಗ 38 ವರ್ಷ. ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ, ಕಾರ್ಖಾನೆಯೊಂದರ ನಿರ್ವಹಣಾ ವಿಭಾಗದಲ್ಲಿ ಗುತ್ತಿಗೆಯ ಮೇಲೆ 14 ವರ್ಷ ದುಡಿದೆ. ಘಟಕ ನಿಂತ ಮೇಲೆ ಮನೆ ವೈರಿಂಗ್, ಪಂಪ್‌ಸೆಟ್ ರಿಪೇರಿಯಿಂದ ಸಂಸಾರ ಸಾಗುತ್ತಿದೆ. ಬೆಂಗಳೂರಿನ ಸಂಸ್ಥೆಯೊಂದು 60,000 ರೂಪಾಯಿ ಕಟ್ಟಿದರೆ ಆರು ತಿಂಗಳು ಸಾಫ್ಟ್‌ವೇರ್ ಕಲಿಸಿ, ಅಪ್ರೆಂಟಿಸ್‌ಶಿಪ್ ಕೊಡಿಸಿ, ಕೆಲಸವನ್ನೂ ಖಾತ್ರಿ ಮಾಡುವುದಾಗಿ ಹೇಳುತ್ತಿದೆ. ಮನೆಯವರ ಒಡವೆ ಅಡವಿಟ್ಟು ಹಣ ಕಟ್ಟಬಹುದೇ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ಒಡವೆ ಮನೆಯಲ್ಲೇ ಇರಲಿ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ಉದ್ಯೋಗದಾತರೊಡನೆ ಲಿಖಿತ ಕರಾರು ಮಾಡಿಕೊಂಡು, ಅದನ್ನು ನೋಂದಾಯಿಸಿ, ತಿಂಗಳಿಗಿಷ್ಟೆಂದು ಸ್ಟೈಪೆಂಡ್ ಪಡೆಯುತ್ತ ಕೆಲಸ ಕಲಿಯುವವರು. 2019ರಲ್ಲಿ ನಿಯಮಗಳಿಗೆ ತಿದ್ದುಪಡಿ ತಂದಾಗ ಐಟಿಐ ಪ್ರಮಾಣಪತ್ರ ಇರುವವರಿಗೆ ಕನಿಷ್ಠ 7,000 ರೂಪಾಯಿ ನಿಗದಿಪಡಿಸಲಾಯಿತು. ಅಲ್ಲಿ ಹಣ ಬರುವುದು ನಿಮಗೆ. ನಿಮ್ಮಿಂದಲೇ ಹಣ ಕೇಳುವವರು ಮಾರುತ್ತಿರುವುದು ಕೋರ್ಸನ್ನು. ಇನ್ನು ಖಾತ್ರಿಯ ಮಾತು: ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡನ್ನು ಕಾಯ್ದೆ ಉದ್ಯೋಗದಾತರ ಮೇಲೂ ಹೇರಿಲ್ಲ. ಹೀಗಿರುವಾಗ ನಡುವಿನವರು ಕೊಡುವ ಭರವಸೆಗೆ ಬೆಲೆ ಎಷ್ಟೆಂಬುದನ್ನು ನೀವೇ ಅಳೆಯಬಲ್ಲಿರಿ.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ತಂತ್ರಜ್ಞಾನದ ಕೆಲಸ ಎಂದೊಡನೆ ಬೆಂಗಳೂರಿನ ಕಂಪ್ಯೂಟರ್ ಪರದೆಯೇ ಕಣ್ಣ ಮುಂದೆ ಬರುವುದರಿಂದ, ಹದಿನಾಲ್ಕು ವರ್ಷ ಕೈಗೆ ಹತ್ತಿಸಿಕೊಂಡ ವಿದ್ಯೆಯನ್ನು ಬದಿಗಿಟ್ಟು, ಇಪ್ಪತ್ತೆರಡರ ಹುಡುಗರ ಸಾಲಿನಲ್ಲಿ ಕೊನೆಯವರಾಗಿ ನಿಲ್ಲಲು ನೀವು ಹೊರಟಿದ್ದೀರಿ. ಕಾರ್ಖಾನೆಯ ಯಂತ್ರಗಳನ್ನು ಇಂದು ನಡೆಸುವ ಪಿಎಲ್‌ಸಿ ಎಂಬ ಪುಟ್ಟ ಗಣಕದ ಹುಟ್ಟನ್ನು ನೋಡಿ. 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಒಂದು ವಿಭಾಗವು, ಕಾರಿನ ಮಾದರಿ ಬದಲಾದಾಗಲೆಲ್ಲ ರಿಲೇ (ವಿದ್ಯುತ್ತಿನಿಂದಲೇ ಆನ್-ಆಫ್ ಆಗುವ ಸ್ವಿಚ್ಚು) ಪ್ಯಾನೆಲ್‌ಗಳ ವೈರಿಂಗ್ ಬಿಚ್ಚಿ ಕಟ್ಟುವ ಖರ್ಚು ತಾಳಲಾರದೆ, ಅದಕ್ಕೆ ಬದಲಿ ಉಪಕರಣವನ್ನು ಕೇಳಿತು. ಆ ಬೇಡಿಕೆಯಿಂದ ಮೋಡಿಕಾನ್ 084 ಎಂಬ ಪಿಎಲ್‌ಸಿ ಹುಟ್ಟಿತು. ಅದರ ಪ್ರೋಗ್ರಾಮನ್ನು ಏಣಿಯಂತೆ ಕಾಣುವ ‘ಲ್ಯಾಡರ್’ ಚಿತ್ರದಲ್ಲಿ ಬರೆಯುವ ಏರ್ಪಾಡು ಮಾಡಿದ್ದಕ್ಕೆ ಕಾರಣ, ರಿಲೇ ಸರ್ಕ್ಯೂಟ್ ಓದಬಲ್ಲ ಎಲೆಕ್ಟ್ರಿಷಿಯನ್ನರಿಗೆ ಅದು ಅಪರಿಚಿತವೆನಿಸಬಾರದು ಎಂಬುದು. ನಾರ್ಮಲಿ ಓಪನ್, ನಾರ್ಮಲಿ ಕ್ಲೋಸ್ಡ್, ಕಾಯಿಲ್, ಟೈಮರ್ – ನಿಮ್ಮ ಶಬ್ದಗಳೇ ಅಲ್ಲಿ ಇವೆ. ದೊಡ್ಡ ಮೋಟಾರನ್ನು ಚಾಲೂ ಮಾಡಲು ನೀವು ಎಷ್ಟೋ ಸಲ ಕಟ್ಟಿರುವ ಸ್ಟಾರ್-ಡೆಲ್ಟಾ ಸ್ಟಾರ್ಟರನ್ನು ಲ್ಯಾಡರ್‌ನಲ್ಲಿ ಬರೆಯಲು ಒಂದು ಭಾನುವಾರ ಸಾಕು. ಮೋಟಾರು ಏಕೆ ಟ್ರಿಪ್ ಆಯಿತೆಂದು ಶಬ್ದ ಕೇಳಿಯೇ ಊಹಿಸುವ ಶಕ್ತಿ ಮಾತ್ರ ಆ ಹುಡುಗರಿಗೆ ಒಂದು ಭಾನುವಾರದಲ್ಲಿ ಬರುವಂಥದ್ದಲ್ಲ.

ಆದ್ದರಿಂದ ಪಿಎಲ್‌ಸಿ, ಮೋಟಾರಿನ ವೇಗವನ್ನು ಹತೋಟಿಯಲ್ಲಿಡುವ ಡ್ರೈವ್ ಮತ್ತು ಗಣಕದ ಆಣತಿಯಂತೆ ಲೋಹ ಕತ್ತರಿಸುವ ಸಿಎನ್‌ಸಿ ಯಂತ್ರಗಳ ನಿರ್ವಹಣೆಯ ಕಡೆಗೆ ತಿರುಗಿ. ಶಿವಮೊಗ್ಗ, ಭದ್ರಾವತಿಯ ಸರ್ಕಾರಿ ಐಟಿಐಗಳಲ್ಲಿ ಅಲ್ಪಾವಧಿ ತರಬೇತಿಯನ್ನು ವಿಚಾರಿಸಿ; ಸುತ್ತಲಿನ ಫೌಂಡ್ರಿ ಮತ್ತು ಮಷಿನ್ ಶಾಪ್‌ಗಳ ನಿರ್ವಹಣಾ ಮೇಲ್ವಿಚಾರಕರನ್ನು ನೇರವಾಗಿ ಕಾಣಿ. ಎರಡು ತೊಡಕುಗಳನ್ನು ಮುಚ್ಚಿಡಲಾರೆ. ಯಂತ್ರಗಳ ಕೈಪಿಡಿಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುವುದರಿಂದ ನಿಘಂಟು ಹಿಡಿದು ಕೂರಬೇಕಾಗುತ್ತದೆ. ಇನ್ನೊಂದು ವಯಸ್ಸಿನದು: ಕಾಯ್ದೆಯಲ್ಲಿ ಗರಿಷ್ಠ ಮಿತಿಯಿಲ್ಲವಾದರೂ, ಸ್ಟೈಪೆಂಡಿನಲ್ಲಿ ಕೇಂದ್ರ ಸರ್ಕಾರ ಭರಿಸುವ ಪಾಲು 35 ವರ್ಷದವರೆಗಿನವರಿಗೆ ಮಾತ್ರ. ಅಪ್ರೆಂಟಿಸ್ ಆಗಿ ಸೇರಿಸಿಕೊಳ್ಳಲು ಹಿಂಜರಿಯುವವರಲ್ಲಿ, ಸಹಾಯಕ ತಂತ್ರಜ್ಞನಾಗಿಯೇ ತೆಗೆದುಕೊಂಡು ಕಲಿಸುವಂತೆ ಕೇಳಿ. ಸಂಸಾರವಂದಿಗರಿಗೆ ಅದೇ ಮೇಲು. ಏಳು ಸಾವಿರದಲ್ಲಿ ಮನೆ ನಡೆಯುವುದಿಲ್ಲ.

ಪ್ರಶ್ನೆ: ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ 18 ಕೆಲಸಗಾರರ ಮಷಿನ್ ಶಾಪ್ ನಡೆಸುತ್ತಿದ್ದೇನೆ. ಕೆಲಸ ಕಳೆದುಕೊಂಡ ಒಬ್ಬರನ್ನು ಅಪ್ರೆಂಟಿಸ್ ಆಗಿ ಸಿಎನ್‌ಸಿ ಕೆಲಸಕ್ಕೆ ತೆಗೆದುಕೊಳ್ಳಬಹುದೇ? ಪಿಎಫ್ ಕಟ್ಟಬೇಕೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಧಾರಾಳವಾಗಿ ತೆಗೆದುಕೊಳ್ಳಬಹುದು. ನಾಲ್ಕರಿಂದ 29 ಜನರಿರುವ ಘಟಕಗಳಿಗೆ ಇದು ಐಚ್ಛಿಕ. 30 ಮತ್ತು ಅದಕ್ಕಿಂತ ಹೆಚ್ಚು ಜನರಿರುವಲ್ಲಿ ಕಡ್ಡಾಯ. ಕಾಯ್ದೆಯ ದೃಷ್ಟಿಯಲ್ಲಿ ಅಪ್ರೆಂಟಿಸ್ ಕಲಿಯುವವರೇ ಹೊರತು ಕೆಲಸಗಾರರಲ್ಲವಾದ್ದರಿಂದ ಪಿಎಫ್, ಇಎಸ್‌ಐ ಅನ್ವಯವಾಗುವುದಿಲ್ಲ. ಆದರೆ ಕೆಲಸದಲ್ಲಿ ಗಾಯವಾದರೆ ಪರಿಹಾರದ ಹೊಣೆ ನಿಮ್ಮದೇ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಸ್ಟೈಪೆಂಡಿನ ಶೇ 25ರಷ್ಟು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರ್ಕಾರ ಭರಿಸುತ್ತದೆ.

ಈ ವಿನಾಯಿತಿಗಳ ಆಸೆಗೆ ಅನುಭವಿ ಟರ್ನರ್ ಒಬ್ಬರನ್ನು ಅಪ್ರೆಂಟಿಸ್ ಎಂದು ಕರೆದು ಇಡೀ ಪಾಳಿ ಉತ್ಪಾದನೆಗೇ ನಿಲ್ಲಿಸುವವರಿದ್ದರೆ, ಅದು ಕೂಲಿ ಉಳಿಸುವ ಉಪಾಯ. ನೀವು ಹಾಗೆ ಮಾಡಲಾರಿರಿ ಎಂದುಕೊಳ್ಳುತ್ತೇನೆ. ಕಾಯ್ದೆ ಹೇಳಿರುವುದು ಕನಿಷ್ಠ ಮೊತ್ತವನ್ನು. ಹೆಚ್ಚು ಕೊಡಲು ಅಡ್ಡಿಯಿಲ್ಲ. ಯಾವ ತಿಂಗಳು ಯಾವ ಯಂತ್ರ, ಕಲಿಸುವವರು ಯಾರು ಎಂಬುದನ್ನು ಬರೆದಿಟ್ಟು, ಕರಾರನ್ನು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ನೋಂದಾಯಿಸಿದ ಮೇಲೆಯೇ ಅವರ ಮೊದಲ ದಿನದ ಹಾಜರಿ ಹಾಕಿ.