ಸೆಂಟಿನ ಘಾಟಿಗೆ ಹೆದರಿ ಡಯಾಲಿಸಿಸ್ ತಪ್ಪಿಸುತ್ತಿದ್ದವರು: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಐವತ್ತರ ಆಸುಪಾಸಿನ ಮಹಿಳೆ. ಅಸ್ತಮಾ ಹಳೆಯದು. ಡಯಾಲಿಸಿಸ್ ವಾರಕ್ಕೆ 3 ಸಲ, ಪ್ರತಿ ಸಲ 4 ಗಂಟೆ. ಒಂದೇ ತಿಂಗಳಲ್ಲಿ 3 ಸರದಿ ತಪ್ಪಿಸಿದ್ದರಿಂದ ‘ಆತಂಕ, ಚಿಕಿತ್ಸೆಗೆ ಅಸಹಕಾರ’ ಎಂಬ ಟಿಪ್ಪಣಿಯೊಂದಿಗೆ ಆಪ್ತಸಲಹೆಗೆ ಕಳಿಸಿದ್ದರು.

ಮಾತಾಡಿಸಿದಾಗ ಹೊರಬಿದ್ದ ಕಾರಣ ಬೇರೆ. ಸೆಂಟು ಹಾಕಿಕೊಂಡವರು ಹತ್ತಿರ ಬಂದರೆ ಸಾಕು, ಕೆಮ್ಮು, ಎದೆ ಬಿಗಿತ, ಉಬ್ಬಸ. ತೋಳಿನಲ್ಲಿ ಸೂಜಿ ಇರುವಾಗ ಎದ್ದು ಹೊರಗೆ ಹೋಗುವಂತಿಲ್ಲ. ಇದನ್ನು ಬರೀ ಆತಂಕ ಎಂದು ಬರೆದದ್ದು ತಪ್ಪು. ಒಮ್ಮೆ ಅವರು “ನನಗೆ ಈ ವಾಸನೆ ಆಗೋದಿಲ್ಲ” ಎಂದಿದ್ದಕ್ಕೆ ಸಿಬ್ಬಂದಿ ರೂಮ್ ಫ್ರೆಶ್‌ನರ್ ಹೊಡೆದಿದ್ದರಂತೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಫ್ರೆಶ್‌ನರ್ ಹಳೆಯ ವಾಸನೆಯನ್ನು ತೆಗೆಯುವುದಿಲ್ಲ, ಅದರ ಮೇಲೆ ಇನ್ನೊಂದನ್ನು ಹೇರುತ್ತದೆ.

ಅವರಿಗೆ ಹೇಳಿದ ಮೊದಲ ಮಾತು: ಏನೇ ಆದರೂ ಸರದಿ ಬಿಡಬೇಡಿ. ಸರದಿ ತಪ್ಪಿ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಹೋಗಲು ಆಗದಿದ್ದರೆ ಅದೇ ದಿನ ಫೋನ್ ಮಾಡಿ ಬೇರೆ ಸಮಯ ಕೇಳಿ. ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಮತ್ತು ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಸೂಜಿ ಇಲ್ಲದ ಕೈಗೆ ಎಟಕುವಂತಿರಲಿ. ಎನ್95 ಮಾಸ್ಕ್ ನೆಚ್ಚಿಕೊಳ್ಳಬೇಡಿ. ಅದು ಕಣಗಳನ್ನು ತಡೆಯುತ್ತದೆ, ಸೆಂಟಿನ ಆವಿಯನ್ನಲ್ಲ.

ಎರಡನೆಯದು ವೈದ್ಯರ ಪತ್ರ. ಅದರಲ್ಲಿ ‘ಅಲರ್ಜಿ’ ಎನ್ನುವ ಬದಲು ‘ಸುಗಂಧದ್ರವ್ಯದಿಂದ ಕೆರಳುವ ಅಸ್ತಮಾ’ ಎಂದೇ ಬರೆಸಲು ಹೇಳಿದೆವು. ಅಲರ್ಜಿ ಎಂದರೆ ಯಾರಾದರೂ ಪ್ಯಾಚ್ ಟೆಸ್ಟ್ (ಪದಾರ್ಥವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ) ಮಾಡಿಸುತ್ತಾರೆ. ಅದು ಹಿಡಿಯುವುದು ಚರ್ಮದ ಅಲರ್ಜಿಯನ್ನು. ಶ್ವಾಸನಾಳ ಕೆರಳುವುದು ಅದರಲ್ಲಿ ಕಾಣುವುದಿಲ್ಲ, ಆಮೇಲೆ “ನಿಮಗೇನೂ ಇಲ್ಲ” ಎಂಬ ಮಾತು ಬರುತ್ತದೆ.

ಡಯಾಲಿಸಿಸ್ ಕೇಂದ್ರದವರೊಂದಿಗೆ ಮಾತಾಡಲು ಹೆಚ್ಚು ಹೊತ್ತು ಹಿಡಿಯಿತು. ಬಾಗಿಲಿಗೆ ‘ಸೆಂಟು ನಿಷೇಧ’ ಎಂದು ಅಂಟಿಸಿ ಕೈತೊಳೆದುಕೊಂಡರೆ ಆಗದು. ನೆಲ ಒರೆಸುವ ದ್ರವ, ಕೈಗೆ ಹಚ್ಚುವ ಲೋಷನ್, ಸ್ಯಾನಿಟೈಸರ್, ಸಮವಸ್ತ್ರ ಒಗೆಯುವಾಗ ಹಾಕುವ ಫ್ಯಾಬ್ರಿಕ್ ಕಂಡೀಷನರ್, ಇವೇ ಮುಖ್ಯ. ಕೆಲವು ಕಂಡೀಷನರ್‌ಗಳಲ್ಲಿ ಪರಿಮಳವನ್ನು ಸಣ್ಣ ಕೋಶಗಳಲ್ಲಿ ತುಂಬಿರುತ್ತಾರೆ. ಬಟ್ಟೆ ಉಜ್ಜಿದಾಗಲೆಲ್ಲ ಅವು ಒಡೆದು ವಾಸನೆ ಬಿಡುತ್ತವೆ, ಒಂದೆರಡು ಒಗೆತಕ್ಕೆ ಹೋಗುವುದಿಲ್ಲ. ಖರೀದಿಯಲ್ಲಿ ಇನ್ನೊಂದು ಎಡವಟ್ಟು: ‘ಅನ್‌ಸೆಂಟೆಡ್’ ಎಂದಿರುವುದರಲ್ಲಿ ಮೂಲ ವಾಸನೆ ಮುಚ್ಚಲು ಸುಗಂಧವನ್ನೇ ಸೇರಿಸಿರಬಹುದು. ‘ಫ್ರಾಗ್ರೆನ್ಸ್ ಫ್ರೀ’ ಎಂದಿರುವುದನ್ನೇ ಆರಿಸಿ, ಪದಾರ್ಥಗಳ ಪಟ್ಟಿಯಲ್ಲಿ ‘ಪರ್ಫ್ಯೂಮ್’, ‘ಫ್ರಾಗ್ರೆನ್ಸ್’ ಇಲ್ಲವೆಂದು ನೋಡಬೇಕು.

ಸೋಂಕುನಾಶಕ ಬಿಡುವ ಮಾತೇ ಇಲ್ಲ. ಸಿಂಪಡಿಸದೆ ಬಟ್ಟೆಯಲ್ಲಿ ಒರೆಸಿ, ಈ ಮಹಿಳೆ ಬರುವ ಮೊದಲೇ ಮುಗಿಸಿ, ಗಾಳಿಯಾಡಲು ಬಿಡಬೇಕು. ಸೆಂಟು ಹಾಕಿಕೊಂಡು ಬಂದ ಬೇರೆ ರೋಗಿಯನ್ನು ವಾಪಸು ಕಳಿಸುವುದೂ ಸರಿಯಲ್ಲ, ಕುರ್ಚಿ ಬದಲಿಸಿದರೆ ಸಾಕು.

ಆರು ವಾರದಲ್ಲಿ ಒಂದು ಸರದಿಯೂ ತಪ್ಪಲಿಲ್ಲ. ಒಂದು ದಿನ ಬದಲಿ ಕೆಲಸದವರು ಹಳೆಯ ನಿಂಬೆ ವಾಸನೆಯ ದ್ರವ ತಂದಿದ್ದರು. ಈ ಮಹಿಳೆ ಗಂಟೆ ಒತ್ತಿದರು, ಬಕೆಟ್ ಹೊರಗೆ ಹೋಯಿತು. ಕಡತದಲ್ಲಿದ್ದ ‘ಅಸಹಕಾರ’ ಎಂಬ ಪದವನ್ನು ವೈದ್ಯರೇ ಹೊಡೆದುಹಾಕಿದರು.